ಪಾಸ್‌ಬುಕ್ ತಾಳೆಗೆ ಜಾಹೀರಾತಿನಲ್ಲಿ ಬೇರೆ ಹೆಸರು: ರೆಸ್ಯೂಮೆ ಟಿಪ್ಪಣಿ

ಬಿ.ಕಾಂ ಮುಗಿಸಿ ಅಕೌಂಟ್ಸ್ ಕೆಲಸ ಹುಡುಕುತ್ತಿರುವವರಿಗಾಗಿ ಈ ಟಿಪ್ಪಣಿ. ನಾನೂ ಅದೇ ಸಾಲಿನಲ್ಲಿದ್ದೇನೆ. ಕಳೆದ ವಾರ ರೆಸ್ಯೂಮೆಯನ್ನು ನಾಲ್ಕು ಸಲ ತಿದ್ದಿ ಬರೆದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಹೆಸರು, ಫೋನ್, ಓದು ಇವುಗಳಲ್ಲಿ ಕಷ್ಟವೇನಿಲ್ಲ. ಹೊಸಬರಿಗೆ ಒಂದು ಪುಟ ಸಾಕು. ಹೆಸರು ಮಾತ್ರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇರಲಿ. ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬಂದರೆ ದಾಖಲೆ ನೋಡುವಾಗ ಸುಮ್ನೆ ಓಡಾಟ.

ನಾನು ಸಿಕ್ಕಿಹಾಕಿಕೊಂಡದ್ದು 'ಅನುಭವ' ಅನ್ನುವ ಜಾಗದಲ್ಲಿ. ಕಾಲೇಜಿನ ಎರಡು ವರ್ಷ ಸಂಜೆ ಹೊತ್ತು ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮೊದಲ ಸಲ ಆ ಜಾಗವನ್ನು ಖಾಲಿ ಬಿಟ್ಟೆ. ಮನೆಯವರ ಅಂಗಡಿ, ಅದೇನು ಅನುಭವ ಅಂದುಕೊಂಡೆ. ಎರಡನೇ ಸಲ 'ಅಂಗಡಿ ಲೆಕ್ಕ ನೋಡಿಕೊಂಡಿದ್ದೇನೆ' ಅಂತ ಒಂದೇ ಸಾಲು ಬರೆದೆ. ಎರಡೂ ತಪ್ಪು.

ಜಾಹೀರಾತುಗಳನ್ನು ಎದುರಿಗೆ ಇಟ್ಟುಕೊಂಡು ಓದಿದಾಗ ವಿಷಯ ತಿಳಿಯಿತು. 'ಬ್ಯಾಂಕ್ ರೀಕನ್ಸಿಲಿಯೇಷನ್ ಗೊತ್ತಿರಬೇಕು' ಅಂತ ಹೆಚ್ಚಿನವುಗಳಲ್ಲಿ ಇತ್ತು. ಕಾಲೇಜಿನಲ್ಲಿ ಇದನ್ನು ಲೆಕ್ಕವಾಗಿ ಬಿಡಿಸಿದ್ದೆ, ಅಷ್ಟೇ ಅಂದುಕೊಂಡಿದ್ದೆ. ಆದರೆ ಪ್ರತಿ ಶನಿವಾರ ಅಂಗಡಿಯಲ್ಲಿ ಕೂತು ಪಾಸ್‌ಬುಕ್‌ಗೂ ನಮ್ಮ ಪುಸ್ತಕಕ್ಕೂ ತಾಳೆ ನೋಡುತ್ತಿದ್ದೆನಲ್ಲ, ಕೊಟ್ಟ ಚೆಕ್ ಇನ್ನೂ ಪಾಸಾಗಿಲ್ಲ, ಬ್ಯಾಂಕು ಚಾರ್ಜ್ ಹಿಡಿದಿದೆ ಅಂತ ಗುರುತು ಹಾಕುತ್ತಿದ್ದೆನಲ್ಲ, ಅದೇ ಇದು! ಕೆಲಸ ಒಂದೇ. ಅಂಗಡಿಯಲ್ಲಿ ಒಂದು ಹೆಸರು, ಜಾಹೀರಾತಿನಲ್ಲಿ ಇನ್ನೊಂದು.

ಆಮೇಲೆ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದೆ. ಎಡಗಡೆ ಅಂಗಡಿ ಮಾತು, ಬಲಗಡೆ ಜಾಹೀರಾತಿನ ಮಾತು. ಉದ್ರಿ ಪುಸ್ತಕ ಅಂದರೆ ಅಕೌಂಟ್ಸ್ ರಿಸೀವಬಲ್. ಸಪ್ಲೈಯರ್‌ಗೆ ಕೊಡಬೇಕಾದ ಬಾಕಿ ಅಂದರೆ ಅಕೌಂಟ್ಸ್ ಪೇಯಬಲ್. ಸ್ಟಾಕ್ ಎಣಿಸಿ ಪುಸ್ತಕಕ್ಕೆ ಹೊಂದಿಸುವುದು ಇನ್ವೆಂಟರಿ. ಚಿಲ್ಲರೆ ಖರ್ಚಿನ ಡಬ್ಬಿ ಪೆಟ್ಟಿ ಕ್ಯಾಶ್. ಇದು ಬರೀ ಅಲಂಕಾರ ಅಲ್ಲ. ಜಾಬ್ ಪೋರ್ಟಲ್‌ಗಳಲ್ಲಿ ಕಂಪನಿಯವರು ಪದ ಕೊಟ್ಟು ರೆಸ್ಯೂಮೆ ಹುಡುಕುತ್ತಾರೆ. ಆ ಪದ ನಮ್ಮ ಪುಟದಲ್ಲಿ ಇಲ್ಲದಿದ್ದರೆ ನಾವು ಅವರ ಕಣ್ಣಿಗೆ ಬೀಳುವುದೇ ಕಷ್ಟ.

ಹೆಸರು ಸಿಕ್ಕ ಮೇಲೂ ಸಾಲು ಮುಗಿಯುವುದಿಲ್ಲ. ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಏನು ಮಾಡಿದೆ, ಯಾವುದರಲ್ಲಿ ಮಾಡಿದೆ, ಎಷ್ಟು, ಎಷ್ಟು ದಿನದೊಳಗೆ? ನನ್ನ ಜಿಎಸ್‌ಟಿ ಸಾಲನ್ನೇ ನೋಡಿ. ಮೊದಲು 'ಜಿಎಸ್‌ಟಿ ಗೊತ್ತು' ಅಂತ ಇತ್ತು. ಈಗ ಹೀಗಿದೆ: 'ದಿನಕ್ಕೆ ಸುಮಾರು 40 ಮಾರಾಟದ ಬಿಲ್‌ಗಳನ್ನು ಟ್ಯಾಲಿಯಲ್ಲಿ ಎಂಟ್ರಿ ಮಾಡಿ, ಪ್ರತಿ ತಿಂಗಳ ಜಿಎಸ್‌ಟಿಆರ್-1ಕ್ಕೆ ಬೇಕಾದ ಪಟ್ಟಿಯನ್ನು 11ನೇ ತಾರೀಕಿಗೆ ಮುಂಚೆ ಸಿದ್ಧಪಡಿಸಿದ್ದೇನೆ. ಖರೀದಿ ಬಿಲ್‌ಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ಬಿಟ್ಟುಹೋದವನ್ನು ಗುರುತಿಸಿದ್ದೇನೆ.' ಜಿಎಸ್‌ಟಿಆರ್-1 ಅಂದರೆ ಮಾರಾಟದ ಬಿಲ್‌ಗಳ ರಿಟರ್ನ್; ತಿಂಗಳ ಲೆಕ್ಕ ಕೊಡುವವರಿಗೆ ಅದರ ಗಡುವು ಮುಂದಿನ ತಿಂಗಳ 11. 2ಬಿ ಅಂದರೆ ಸಪ್ಲೈಯರ್‌ಗಳು ನಮ್ಮ ಹೆಸರಿಗೆ ಹಾಕಿದ ಬಿಲ್‌ಗಳ ಪಟ್ಟಿ, ಅದು ಬರುವುದು 14ಕ್ಕೆ. ಸಪ್ಲೈಯರ್ ತನ್ನ ಬಿಲ್ ಹಾಕದಿದ್ದರೆ ಅದು 2ಬಿಯಲ್ಲಿ ಕಾಣುವುದಿಲ್ಲ, ಖರೀದಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್ ನಮಗೆ ಸಿಗುವುದಿಲ್ಲ. ಇದನ್ನು ನಿಜವಾಗಿ ಮಾಡಿದವರಿಗೇ ಈ ತಾರೀಕುಗಳು ಬಾಯಲ್ಲಿರುತ್ತವೆ. ಇಂಟರ್‌ವ್ಯೂನಲ್ಲಿ ಕೇಳುವುದೂ ಇಂಥದ್ದನ್ನೇ.

ಒಂದು ಎಚ್ಚರ. ರಿಟರ್ನ್ ಫೈಲ್ ಮಾಡುತ್ತಿದ್ದವರು ಆಡಿಟರ್, ನಾನಲ್ಲ. ಅದಕ್ಕೇ 'ಫೈಲ್ ಮಾಡಿದೆ' ಅಂತ ಬರೆಯಲಿಲ್ಲ, 'ಪಟ್ಟಿ ಸಿದ್ಧಪಡಿಸಿದೆ' ಅಂತ ಬರೆದೆ. ಹೆಸರು ದೊಡ್ಡದಾಗಲಿ, ಕೆಲಸ ಇದ್ದಷ್ಟೇ ಇರಲಿ.

ಇನ್ನು ಫೈಲ್‌ನ ವಿಷಯ. ಎರಡು ಕಾಲಂ ಇರುವ ಬಣ್ಣದ ಟೆಂಪ್ಲೇಟ್ ನೋಡಲು ಚೆಂದ. ಆದರೆ ಪಿಡಿಎಫ್ ತೆರೆದು, ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ನನ್ನದರಲ್ಲಿ ಫೋನ್ ನಂಬರ್ ಡಿಗ್ರಿಯ ಮಧ್ಯೆ ಬಂದು ಕೂತಿತ್ತು. ರೆಸ್ಯೂಮೆ ಓದುವ ಸಾಫ್ಟ್‌ವೇರ್‌ಗೂ ಹಾಗೇ ಕಾಣಬಹುದು ಅಲ್ವಾ? ಒಂದೇ ಕಾಲಂಗೆ ಬದಲಾಯಿಸಿದೆ, ಸರಿಹೋಯಿತು.

ಹುಡುಕುವ ಜಾಗಗಳ ಬಗ್ಗೆ ಚಿಕ್ಕದಾಗಿ. ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ 2015ರಿಂದ ಇದೆ, ನೋಂದಣಿ ಉಚಿತ. ಕರ್ನಾಟಕದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲೂ ಹೆಸರು ಹಾಕಿ. ಡಿಗ್ರಿ, ಡಿಪ್ಲೊಮಾದವರಿಗೆ ಎನ್‌ಎಟಿಎಸ್ ಅನ್ನುವ ಕೇಂದ್ರ ಸರ್ಕಾರದ ಯೋಜನೆಯ ಮೂಲಕ ಅಪ್ರೆಂಟಿಸ್‌ಷಿಪ್ (ಕಂಪನಿಯಲ್ಲಿ ಕೆಲಸ ಕಲಿಯುವ ತರಬೇತಿ) ಸಿಗುತ್ತದೆ. ನನ್ನ ಲೆಕ್ಕದಲ್ಲಿ ಹೊಸಬರಿಗೆ ಇದೇ ಒಳ್ಳೆಯ ಬಾಗಿಲು. ಸ್ಟೈಪೆಂಡ್ ಜೊತೆಗೆ ರೆಸ್ಯೂಮೆಯಲ್ಲಿ ಬರೆಯಲು ಕಂಪನಿಯ ಕೆಲಸವೂ ಸಿಗುತ್ತದೆ. ನೋಂದಣಿ ಶುಲ್ಕ, ಟ್ರೈನಿಂಗ್ ಡಿಪಾಸಿಟ್ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಕರ್ನಾಟಕ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಪಡೆಯುವವರು ಒಂದು ನೆನಪಿಡಿ. ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅಪ್ರೆಂಟಿಸ್ ವೇತನ ಬರುತ್ತಿದ್ದರೆ ಇದು ಸಿಗುವುದಿಲ್ಲ, ಸೇರಿದ ಕೂಡಲೇ ತಿಳಿಸಬೇಕು.