ಗೇರ್‌ಬಾಕ್ಸ್ ಕೈಕೊಟ್ಟ ಹಳೇ ಕಾರು: ರಿಪೇರಿ ಮಾಡಿಸೋದಾ, ಮಾರೋದಾ?

ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಮಳೆ ನಿಂತು ಮಂಜು ಇಳಿದಿತ್ತು. ಕೊಟ್ಟಿಗೆಹಾರಕ್ಕೆ ಇನ್ನೇನು ನಾಲ್ಕೈದು ತಿರುವು ಉಳಿದಿದೆ ಅನ್ನುವಾಗ ಕಾರು ಒಮ್ಮೆ ಜೋರಾಗಿ ಜರ್ಕ್ ಹೊಡೆಯಿತು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು, ಆಮೇಲೆ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಒಂದೇ ಗೇರಿನಲ್ಲಿ ಏದುಸಿರು ಬಿಡುತ್ತಾ ತೆವಳತೊಡಗಿತು. ಒಂಬತ್ತು ವರ್ಷ ಹಳೆಯ ಆಟೋಮ್ಯಾಟಿಕ್. ನಾನು ಸೆಕೆಂಡ್ ಹ್ಯಾಂಡ್ ತಗೊಂಡು ಒಂದೂವರೆ ವರ್ಷ ಆಗಿತ್ತು. ಮೀಟರ್ 88,000 ಕಿ.ಮೀ. ತೋರಿಸುತ್ತಿತ್ತು.

ಹಿಂದೆ ಬಂದ ಜೀಪಿನವರು ಹಗ್ಗ ಕಟ್ಟಿ ಎಳೆದುಕೊಂಡು ಹೋಗೋಣ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೂ ಬೇಡ ಅಂದೆ. ಯಾಕಂದರೆ ಇಂಥ ಗೇರ್‌ಬಾಕ್ಸಿನಲ್ಲಿ ಎಣ್ಣೆ ಹರಿಸುವ ಪಂಪು ತಿರುಗುವುದು ಇಂಜಿನ್‌ನಿಂದ. ಇಂಜಿನ್ ಆಫ್ ಮಾಡಿ, ಇಂಜಿನ್ ಎಳೆಯುವ ಚಕ್ರಗಳು ನೆಲದ ಮೇಲೆ ಇದ್ದಂತೆಯೇ ಮೈಲಿಗಟ್ಟಲೆ ಎಳೆದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗುತ್ತವೆ. ಸಣ್ಣ ತೊಂದರೆ ಇದ್ದದ್ದು ದಾರಿಯಲ್ಲೇ ದೊಡ್ಡದಾಗುತ್ತದೆ. ಆಟೋಮ್ಯಾಟಿಕ್ ಕಾರು ಕೆಟ್ಟರೆ ಇಡೀ ಗಾಡಿಯನ್ನು ಮೇಲೆ ಹೇರಿಕೊಂಡು ಹೋಗುವ ಲಾರಿಯನ್ನೇ ಕರೆಸಿ. ಎರಡು ಗಂಟೆ ಕಾದರೂ ಪರವಾಗಿಲ್ಲ.

ಮರುದಿನ ಗ್ಯಾರೇಜಿನಲ್ಲಿ ಸಿಕ್ಕ ಉತ್ತರ ಹೀಗಿತ್ತು: "ಗೇರ್‌ಬಾಕ್ಸ್ ಫುಲ್ ಹೋಗಿದೆ ಸರ್. ಒಂದು ಎಂಬತ್ತು ಆಗತ್ತೆ." ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಒಳ್ಳೆ ಸ್ಥಿತಿಯಲ್ಲಿದ್ದರೆ ಆ ಕಾರಿಗೆ ಹೆಚ್ಚೆಂದರೆ ನಾಲ್ಕು ಲಕ್ಷ. ಅದಕ್ಕೆ ಒಂದು ಲಕ್ಷದ ಎಂಬತ್ತು ಸಾವಿರ ಹಾಕೋದಾ? ಮನೆಯಲ್ಲಿ ಎಲ್ಲರೂ ಮಾರಿಬಿಡಿ ಅಂದರು. ಬ್ರೋಕರ್ ಎರಡು ಲಕ್ಷದ ಮೂವತ್ತು ಸಾವಿರ ಅಂದ. ಈ ಎರಡರ ನಡುವೆ ಸಿಕ್ಕಿಕೊಂಡಿರುವವರು ಬಹಳ ಜನ ಇದ್ದಾರೆ, ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಆಟೋಮ್ಯಾಟಿಕ್ ಅಂತ ಒಂದೇ ಹೆಸರಿನಲ್ಲಿ ಕರೆಯುವ ಗಾಡಿಗಳ ಒಳಗೆ ನಾಲ್ಕು ಬೇರೆ ಬೇರೆ ಯಂತ್ರಗಳಿವೆ. ನಿಮ್ಮದು ಯಾವುದು ಅಂತ ಗೊತ್ತಾಗದೆ ಲೆಕ್ಕ ಶುರು ಮಾಡಲೇಬೇಡಿ.

ನಮ್ಮಲ್ಲಿ ಸಣ್ಣ ಕಾರುಗಳಲ್ಲಿ ಜಾಸ್ತಿ ಇರುವುದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಇದು ಇಲ್ಲಿನ ಸಾಮಾನ್ಯ ಜನರ ಕೈಗೆ ಬಂತು. ಒಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಕಾಲು, ಗೇರ್ ಹಾಕುವ ಕೈ ಎರಡೂ ನಿಮ್ಮದಲ್ಲ, ಒಂದು ಮೋಟಾರು ಮತ್ತು ಕಂಪ್ಯೂಟರಿನದು, ಅಷ್ಟೇ. ಹಾಗಾಗಿ ಇದು ಕೆಟ್ಟರೆ ಸಾಮಾನ್ಯವಾಗಿ ಸವೆದ ಕ್ಲಚ್ ಪ್ಲೇಟು, ಇಲ್ಲವೇ ಗೇರ್ ಹಾಕುವ ಆ ಯಂತ್ರದ ಕೈ. ಎರಡೂ ಬದಲಾಯಿಸಬಹುದಾದವು. ಎಎಂಟಿ ಕೆಟ್ಟಿತು ಅಂತ ಕಾರನ್ನೇ ಗುಜರಿ ರೇಟಿಗೆ ಕೊಡುವುದು ನನ್ನ ಪ್ರಕಾರ ದೊಡ್ಡ ತಪ್ಪು.

ಸಿವಿಟಿ ಇದರ ಪೂರ್ತಿ ಉಲ್ಟಾ. ಅದರಲ್ಲಿ ಹೆಜ್ಜೆ ಹೆಜ್ಜೆಯ ಗೇರುಗಳೇ ಇಲ್ಲ. ಅಗಲ ಕಿರಿದು ಆಗುವ ಎರಡು ರಾಟೆ, ಅವುಗಳ ನಡುವೆ ನೂರಾರು ಉಕ್ಕಿನ ಬಿಲ್ಲೆಗಳನ್ನು ಪೋಣಿಸಿದ ಒಂದು ಪಟ್ಟಿ. ಆ ಪಟ್ಟಿ ರಾಟೆಯ ಮೇಲೆ ಒಮ್ಮೆ ಜಾರಿ ಗೀರು ಬಿತ್ತು ಅಂದರೆ, ಆ ಗೀರು ಪಟ್ಟಿಯನ್ನು ತಿನ್ನುತ್ತದೆ, ಪಟ್ಟಿಯಿಂದ ಉದುರಿದ ಪುಡಿ ಎಣ್ಣೆ ಜೊತೆ ಸೇರಿ ಉಳಿದದ್ದನ್ನೆಲ್ಲ ತಿನ್ನುತ್ತದೆ. ಬಿಚ್ಚಿ ಸರಿಮಾಡುವವರು ಕಡಿಮೆ, ಇಡೀ ಡಬ್ಬ ಬದಲಾಯಿಸುವವರೇ ಜಾಸ್ತಿ. ಇದಕ್ಕೆ ಬೇರೆಯದೇ ಎಣ್ಣೆ ಬೇಕು, ಮಾಮೂಲಿ ಆಟೋಮ್ಯಾಟಿಕ್‌ನ ಎಣ್ಣೆ ಸುರಿದು ಹಾಳಾದ ಸಿವಿಟಿಗಳಿವೆ.

ಮೂರನೆಯದು ಎರಡು ಕ್ಲಚ್ಚಿನ ಡಿಸಿಟಿ. ಅದರಲ್ಲೂ ಎಣ್ಣೆಯಲ್ಲಿ ಮುಳುಗಿರದ, ಒಣ ಕ್ಲಚ್ಚಿನ ನಮೂನೆಗೆ ನಮ್ಮ ಊರುಗಳ ಟ್ರಾಫಿಕ್ ಆಗಿಬರುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದೊಂದೇ ಅಡಿ ಮುಂದೆ ಹೋಗುವಾಗ ಅದು ಇಡೀ ಹೊತ್ತು ಹಾಫ್ ಕ್ಲಚ್‌ನಲ್ಲಿ ಉಜ್ಜಿಕೊಳ್ಳುತ್ತಿರುತ್ತದೆ, ಬಿಸಿ ಹೋಗಲು ದಾರಿ ಇರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಇಂಥ ಗೇರ್‌ಬಾಕ್ಸಿನ ದೂರುಗಳನ್ನು ಸರಿಯಾಗಿ ನಿಭಾಯಿಸಲಿಲ್ಲ ಅಂತ 2018ರಲ್ಲಿ ಅಲ್ಲಿನ ನ್ಯಾಯಾಲಯ ಫೋರ್ಡ್ ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತ್ತು.

ನನ್ನ ಕಾರಿನದು ನಾಲ್ಕನೆಯದು, ಹಳೆಯ ಕಾಲದಿಂದ ಬಂದ ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಆನ್ ಮಾಡಿ, ಇನ್ನೊಂದೂ ಗಾಳಿಗೆ ತಿರುಗುತ್ತದೆ ಅಲ್ವಾ? ಇಲ್ಲಿ ಗಾಳಿಯ ಬದಲು ಎಣ್ಣೆ. ಇಂಜಿನ್ ಕಡೆಯ ಫ್ಯಾನು ಎಣ್ಣೆಯನ್ನು ತಳ್ಳುತ್ತದೆ, ಗೇರ್‌ಬಾಕ್ಸ್ ಕಡೆಯ ಫ್ಯಾನು ತಿರುಗುತ್ತದೆ. 1905ರಲ್ಲೇ ಹರ್ಮನ್ ಫೊಟ್ಟಿಂಗರ್ ಅನ್ನುವ ಜರ್ಮನ್ ಎಂಜಿನಿಯರ್ ಇದಕ್ಕೆ ಪೇಟೆಂಟ್ ಪಡೆದಿದ್ದ, ಅದೂ ಹಡಗುಗಳಿಗಾಗಿ. ಇದರ ಹಿಂದೆ ಗ್ರಹಗಳ ಹಾಗೆ ಸುತ್ತುವ ಗೇರುಗಳು, ಅವುಗಳನ್ನು ಹಿಡಿದು ಬಿಡುವ ಕ್ಲಚ್ ಪ್ಲೇಟುಗಳು, ಯಾವ ಪ್ಲೇಟಿಗೆ ಯಾವಾಗ ಎಣ್ಣೆಯ ಒತ್ತಡ ಹೋಗಬೇಕು ಅಂತ ದಾರಿ ತೋರಿಸುವ ವಾಲ್ವ್ ಬಾಡಿ, ಆ ದಾರಿಗಳ ಬಾಗಿಲು ತೆರೆದು ಮುಚ್ಚುವ ಪುಟ್ಟ ಪುಟ್ಟ ಸೊಲೆನಾಯ್ಡುಗಳು ಇರುತ್ತವೆ.

ಇಲ್ಲಿ ಎಲ್ಲ ಕೆಲಸವೂ ಎಣ್ಣೆಯದೇ. ಅದು ಗೇರುಗಳನ್ನು ಸವೆಯದಂತೆ ನೋಡಿಕೊಳ್ಳಬೇಕು, ಬಿಸಿಯನ್ನು ಹೊತ್ತು ಹೊರಗೆ ಹಾಕಬೇಕು, ಪ್ಲೇಟುಗಳನ್ನು ಒತ್ತುವ ಕೈಯೂ ಆಗಬೇಕು. ಗೇರುಗಳ ನಡುವೆ ಜಾರಬೇಕು, ಪ್ಲೇಟುಗಳ ನಡುವೆ ಸರಿಯಾದಷ್ಟು ಹಿಡಿಯಬೇಕು. ಒಂದೇ ಎಣ್ಣೆಗೆ ಈ ಎರಡು ವಿರುದ್ಧ ಗುಣ ಕೊಡಲು ಅದರಲ್ಲಿ ಬೆರೆಸುವ ರಾಸಾಯನಿಕಗಳು ಬಿಸಿಗೆ ನಿಧಾನವಾಗಿ ಸಾಯುತ್ತವೆ. ಉಷ್ಣತೆ ಸುಮಾರು 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಅನ್ನುವ ಸ್ಥೂಲ ಲೆಕ್ಕ ಕಾಲೇಜಿನಲ್ಲಿ ಓದಿರುತ್ತೀರಿ. ಗೇರ್‌ಬಾಕ್ಸ್ ಎಣ್ಣೆಗೂ ಅದೇ ಪಾಡು. ಘಾಟಿ ರಸ್ತೆ, ಏಪ್ರಿಲ್ ಬಿಸಿಲು, ಟ್ರಾಫಿಕ್ ಎಲ್ಲ ಸೇರಿ ಎಣ್ಣೆ ಇಪ್ಪತ್ತು ಡಿಗ್ರಿ ಜಾಸ್ತಿ ಬಿಸಿಯಾಗಿಯೇ ಓಡಿದರೆ ಅದರ ಆಯಸ್ಸು ಕಾಲುಭಾಗಕ್ಕೆ ಇಳಿಯಬಹುದು.

ಅದಕ್ಕೇ ನನಗೆ "ಇದು ಲೈಫ್‌ಟೈಮ್ ಎಣ್ಣೆ, ಬದಲಾಯಿಸೋದೇ ಬೇಡ" ಅನ್ನುವ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಯಾರ ಲೈಫು? ಅನೇಕ ದೊಡ್ಡ ಕಾರು ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಸಂಸ್ಥೆಯೇ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲದಿದ್ದರೆ ಎಂಟು ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಿ ಅನ್ನುತ್ತದೆ. ಮೊದಲ ಮಾಲೀಕ ಐದು ವರ್ಷ ಓಡಿಸಿ ಮಾರುತ್ತಾನೆ, ಅವನಿಗೆ ಏನೂ ಆಗುವುದಿಲ್ಲ. ಬಿಲ್ಲು ಕಟ್ಟುವುದು ಎರಡನೆಯವರೋ ಮೂರನೆಯವರೋ, ಅಂದರೆ ನಮ್ಮಂಥವರು.

ಇನ್ನೊಂದು ಮಾತೂ ಕೇಳಿರುತ್ತೀರಿ. ಹಳೇ ಗೇರ್‌ಬಾಕ್ಸಿಗೆ ಹೊಸ ಎಣ್ಣೆ ಹಾಕಿದರೆ ಕೆಟ್ಟೇ ಹೋಗುತ್ತದಂತೆ. ಇದನ್ನು ಸ್ವಲ್ಪ ಯೋಚನೆ ಮಾಡಿ ನೋಡಿ. ಬಹಳ ಜನ ಎಣ್ಣೆ ಬದಲಾಯಿಸಲು ಹೋಗುವುದು ಯಾವಾಗ? ಜರ್ಕ್ ಶುರುವಾದ ಮೇಲೆ, ಸ್ಲಿಪ್ ಆಗತೊಡಗಿದ ಮೇಲೆ. ಆಗಲೇ ಸುಟ್ಟು ಸವೆದ ಪ್ಲೇಟುಗಳು ಇನ್ನೆರಡು ತಿಂಗಳಲ್ಲಿ ಹೇಗಿದ್ದರೂ ಕೈಕೊಡುತ್ತಿದ್ದವು, ಅಪವಾದ ಮಾತ್ರ ಹೊಸ ಎಣ್ಣೆಗೆ ಬರುತ್ತದೆ. ಆಸ್ಪತ್ರೆಗೆ ಸೇರಿದವರು ಜಾಸ್ತಿ ಸಾಯುತ್ತಾರೆ, ಹಾಗಾಗಿ ಆಸ್ಪತ್ರೆಯೇ ಕಾರಣ ಅಂದ ಹಾಗೆ. ಒತ್ತಡ ಹಾಕಿ ತೊಳೆಯುವ ಬದಲು ಇಳಿಸಿ ತುಂಬುವ ಕ್ರಮವೇ ಹಳೇ ಗಾಡಿಗೆ ಒಳ್ಳೆಯದು. ಒಂದು ಸಲ ಇಳಿಸಿದರೆ ಪೂರ್ತಿ ಎಣ್ಣೆ ಬರುವುದಿಲ್ಲ, ಕನ್ವರ್ಟರಿನಲ್ಲಿ ಇರುವುದು ಅಲ್ಲೇ ಉಳಿಯುತ್ತದೆ. ಪ್ರತಿ ಸಲ 40 ಭಾಗ ಬದಲಾದರೆ, ಹಳೆಯದು ಮೊದಲ ಸಲಕ್ಕೆ ನೂರರಲ್ಲಿ 60, ಎರಡನೆಯ ಸಲಕ್ಕೆ 36, ಮೂರನೆಯದಕ್ಕೆ 22ರಷ್ಟು ಉಳಿಯುತ್ತದೆ. ನಡುವೆ ಕೆಲವು ನೂರು ಕಿ.ಮೀ. ಓಡಿಸಬೇಕು.

ಈಗ ಹಣದ ಲೆಕ್ಕ. ರಿಪೇರಿ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಮಾರಿಬಿಡಿ ಅನ್ನುತ್ತಾರೆ. ಇದು ಅಷ್ಟು ಸರಿಯಾದ ಸೂತ್ರವಲ್ಲ. ನೋಡಬೇಕಾದ್ದು ಸರಿಯಾದ ಮೇಲೆ ಎಷ್ಟಕ್ಕೆ ಹೋಗುತ್ತದೆ, ಇದ್ದ ಹಾಗೇ ಕೊಟ್ಟರೆ ಎಷ್ಟು ಬರುತ್ತದೆ, ಈ ಎರಡರ ವ್ಯತ್ಯಾಸ. ನನ್ನ ಕಾರಿನದು ನಾಲ್ಕು ಲಕ್ಷಕ್ಕೂ ಎರಡು ಮೂವತ್ತಕ್ಕೂ ನಡುವಿನ ಒಂದು ಲಕ್ಷದ ಎಪ್ಪತ್ತು ಸಾವಿರ. ಹೋದ ವರ್ಷ ಹಾಕಿಸಿದ ಟೈರು, ಬ್ಯಾಟರಿ, ಸೀಟ್ ಕವರಿನ ದುಡ್ಡು ಈ ಲೆಕ್ಕದಲ್ಲಿ ಬರಲೇಬಾರದು. ಆದರೂ ಮನಸ್ಸು ಅದನ್ನೇ ಎಳೆದು ತರುತ್ತದೆ. ಅಮೆರಿಕದ ಓಹಾಯೋದಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಅನ್ನುವ ಸಂಶೋಧಕರು ನಾಟಕಗಳ ಸೀಸನ್ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಹೇಳದೆ ಕೇಳದೆ ರಿಯಾಯಿತಿ ಕೊಟ್ಟು ನೋಡಿದರು. ಪೂರ್ತಿ ದುಡ್ಡು ಕೊಟ್ಟವರೇ ಮೊದಲ ಅರ್ಧ ಸೀಸನ್ನಿನಲ್ಲಿ ಜಾಸ್ತಿ ನಾಟಕಗಳಿಗೆ ಹೋದರು. ನಾಟಕ ಅದೇ, ಸೀಟು ಅದೇ, ಕೊಟ್ಟ ದುಡ್ಡು ಎಳೆಯುತ್ತಿತ್ತು, ಅಷ್ಟೇ. 1985ರಲ್ಲಿ ಪ್ರಕಟವಾದ ಈ ಪ್ರಯೋಗ ಗ್ಯಾರೇಜಿನಲ್ಲಿ ನಿಂತಾಗ ನನಗೆ ನೆನಪಾಯಿತು.

ಹಾಗಾದರೆ ಬ್ರೋಕರ್ ಅಷ್ಟು ಕಡಿಮೆ ಕೇಳಿದ್ದು ಯಾಕೆ? ಮೋಸ ಅಂತ ನಾನು ಹೇಳುವುದಿಲ್ಲ. ಅವನಿಗೆ ಒಳಗೆ ಏನಾಗಿದೆ ಗೊತ್ತಿಲ್ಲ, ಹಾಗಾಗಿ ಪೂರ್ತಿ ಹೋಗಿದೆ ಅಂತಲೇ ಇಟ್ಟುಕೊಂಡು ರೇಟು ಹೇಳುತ್ತಾನೆ. 1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ ಒಂದು ಲೇಖನದಲ್ಲಿ ಇದನ್ನೇ ಹಳೇ ಕಾರುಗಳ ಉದಾಹರಣೆ ಕೊಟ್ಟು ವಿವರಿಸಿದ್ದ. ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಅನ್ನುವ ಕಡೆ ಒಳ್ಳೆ ಗಾಡಿಗೂ ಕೆಟ್ಟ ಗಾಡಿಯ ಬೆಲೆಯೇ ಬರುತ್ತದೆ, ಒಳ್ಳೆಯವು ಸಂತೆಗೇ ಬರುವುದಿಲ್ಲ. ಮೂರು ಪತ್ರಿಕೆಗಳು ತಿರಸ್ಕರಿಸಿದ ಆ ಲೇಖನವೇ ಮುಂದೆ 2001ರಲ್ಲಿ ಅವನಿಗೆ ನೊಬೆಲ್ ತಂದಿತು.

ನಮ್ಮ ಪ್ರಶ್ನೆಯ ಕೀಲಿ ಇಲ್ಲೇ ಇದೆ. ಕೊಳ್ಳುವವನು ಕೆಟ್ಟದ್ದನ್ನೇ ಲೆಕ್ಕ ಹಾಕಿ ಬೆಲೆ ಇಳಿಸಿರುತ್ತಾನೆ. ಹಾಗಾಗಿ ನಿಜವಾದ ತೊಂದರೆ ಸಣ್ಣದಾಗಿದ್ದರೆ ರಿಪೇರಿ ಮಾಡಿಸಿದ ಲಾಭ ಪೂರ್ತಿ ನಿಮ್ಮದು. ತೊಂದರೆ ದೊಡ್ಡದೇ ಆಗಿದ್ದರೆ ಹಾಗೇ ಮಾರಿದರೂ ನಿಮಗೆ ಹೆಚ್ಚು ನಷ್ಟವಿಲ್ಲ, ಬೆಲೆ ಆಗಲೇ ಅಲ್ಲಿಗೆ ಇಳಿದಿದೆ. ಅಂದರೆ ಮೊದಲ ಖರ್ಚು ರಿಪೇರಿಗಲ್ಲ, ಏನಾಗಿದೆ ಅಂತ ತಿಳಿಯುವುದಕ್ಕೆ.

ಅದಕ್ಕೆ ಎಷ್ಟು ಕೊಡಬಹುದು? ಸುಮ್ನೆ ಒಂದು ಲೆಕ್ಕ ಹಾಕೋಣ. ತೊಂದರೆ ಸಣ್ಣದಾದರೆ 40 ಸಾವಿರ, ದೊಡ್ಡದಾದರೆ 2 ಲಕ್ಷ, ಎರಡರ ಸಾಧ್ಯತೆಯೂ ಸಮ ಅಂತ ಇಟ್ಟುಕೊಳ್ಳಿ. ನೋಡದೆ ರಿಪೇರಿಗೆ ಕೊಟ್ಟರೆ, ಆಗಲೇ ಹೇಳಿದ 1 ಲಕ್ಷದ 70 ಸಾವಿರದ ವ್ಯತ್ಯಾಸದಲ್ಲಿ ಖರ್ಚು ಕಳೆದು, ಸಣ್ಣದಾಗಿದ್ದಾಗ 1 ಲಕ್ಷದ 30 ಸಾವಿರ ಉಳಿಯುತ್ತದೆ, ದೊಡ್ಡದಾಗಿದ್ದಾಗ 30 ಸಾವಿರ ಕೈಬಿಡುತ್ತದೆ, ಸರಾಸರಿ 50 ಸಾವಿರ ಲಾಭ. ನೋಡಿ ಆಮೇಲೆ ತೀರ್ಮಾನ ಮಾಡಿದರೆ ಸಣ್ಣದಕ್ಕೆ ಅದೇ 1 ಲಕ್ಷದ 30 ಸಾವಿರ, ದೊಡ್ಡದಕ್ಕೆ ಮಾರಾಟ, ನಷ್ಟ ಸೊನ್ನೆ. ಸರಾಸರಿ 65 ಸಾವಿರ. ಸುಮ್ಮನೆ ಪರೀಕ್ಷೆ ಮಾಡಿಸುವುದಕ್ಕೇ 15 ಸಾವಿರದ ಬೆಲೆ ಇದೆ ಅಂತಾಯಿತು. ನಾವೋ, ಮೂರು ಸಾವಿರದ ಚೆಕಿಂಗ್ ಚಾರ್ಜಿಗೆ ಜಗಳ ಆಡುತ್ತೇವೆ.

ಹಾಗಾಗಿ ಗಾಡಿಯನ್ನು ಗೇರ್‌ಬಾಕ್ಸ್ ಕೆಲಸ ಮಾತ್ರ ಮಾಡುವ ಒಬ್ಬರ ಹತ್ತಿರ ತಗೊಂಡು ಹೋದೆ. ಅವರು ಮೊದಲು ನೋಡಿದ್ದು ಬ್ಯಾಟರಿ. ವೋಲ್ಟೇಜ್ ಕಡಿಮೆಯಾದರೆ ಕಂಪ್ಯೂಟರ್ ಇಲ್ಲದ ಕಾಯಿಲೆಗಳನ್ನೆಲ್ಲ ತೋರಿಸುತ್ತದಂತೆ. ಆಮೇಲೆ ಸ್ಕ್ಯಾನರ್. ಪಿ0700 ಅನ್ನುವ ಕೋಡ್ ಬಂತು. ಅದರ ಅರ್ಥ ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದೂರು ಇದೆ ಅಂತ ಮಾತ್ರ, ಹಲವರು ಇದನ್ನೇ ತೋರಿಸಿ ಗೇರ್‌ಬಾಕ್ಸ್ ಹೋಗಿದೆ ಅನ್ನುತ್ತಾರೆ. ಒಳಗಿನ ಕೋಡ್ ಒಂದು ಸೊಲೆನಾಯ್ಡ್ ಕಡೆ ಕೈತೋರಿಸಿತು. ಕೊನೆಗೆ ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಿದರು. "ಬನ್ನಿ ಸರ್, ನೀವೇ ಮುಟ್ಟಿ ನೋಡಿ" ಅಂದರು. ಪ್ಯಾನಿನ ಮ್ಯಾಗ್ನೆಟ್ ಮೇಲೆ ಕಾಡಿಗೆಯಂಥ ನುಣ್ಣನೆಯ ಬೂದು ಕೆಸರು. ಅದು ಸಹಜ ಸವಕಳಿ. ಹೊಳೆಯುವ ಚೂರುಗಳಿದ್ದರೆ, ಪ್ಲೇಟಿನ ಕಪ್ಪು ಪುಡಿ ರಾಶಿ ಬಿದ್ದಿದ್ದರೆ, ಎಣ್ಣೆ ಸುಟ್ಟ ವಾಸನೆ ಹೊಡೆದಿದ್ದರೆ ಕತೆಯೇ ಬೇರೆ. ಎಣ್ಣೆ ಕಂದಾಗಿತ್ತು, ಸುಟ್ಟಿರಲಿಲ್ಲ. ಘಾಟಿಯಲ್ಲಿ ಒಂದೇ ಗೇರಿಗೆ ಅಂಟಿಕೊಂಡದ್ದು ಕೂಡ ಗೇರ್‌ಬಾಕ್ಸ್ ಸತ್ತ ಲಕ್ಷಣ ಆಗಿರಲಿಲ್ಲ. ಸೊಲೆನಾಯ್ಡ್ ಮಾತು ಕೇಳದಾಗ ಪ್ಲೇಟುಗಳು ಸುಡಬಾರದು ಅಂತ ಕಂಪ್ಯೂಟರೇ ಹಾಗೆ ಹಿಡಿದಿಟ್ಟಿತ್ತು.

ಸೊಲೆನಾಯ್ಡ್, ಫಿಲ್ಟರ್, ಎಣ್ಣೆ, ಕೂಲಿ ಎಲ್ಲ ಸೇರಿ 38,000 ರೂಪಾಯಿ ಆಯಿತು. ಎರಡು ವರ್ಷ ಆಯಿತು, ಓಡುತ್ತಿದೆ. ಬೆಳಿಗ್ಗೆ ತಣ್ಣಗಿರುವಾಗ ಎರಡನೇ ಗೇರಿಗೆ ಸಣ್ಣ ಜರ್ಕ್ ಇನ್ನೂ ಇದೆ.

ಹುಬ್ಬಳ್ಳಿಯಲ್ಲಿರುವ ನಮ್ಮ ಭಾವನ ಸಿವಿಟಿಗೆ ಈ ಅದೃಷ್ಟ ಇರಲಿಲ್ಲ. ಅವರ ಪ್ಯಾನ್ ಬಿಚ್ಚಿದಾಗ ಬೆಳ್ಳಿ ಪುಡಿಯ ಹಾಗೆ ಲೋಹದ ಚೂರುಗಳು ಮಿನುಗುತ್ತಿದ್ದವು. "ಎಣ್ಣೆ ಹಾಕಿ, ನಾಲ್ಕು ದಿನ ಸುಮ್ಮನಾಗತ್ತೆ, ಅಷ್ಟರಲ್ಲಿ ಮಾರಿಬಿಡಿ" ಅಂತ ಸಲಹೆ ಕೊಟ್ಟವರೂ ಇದ್ದರು. ಭಾವ ಒಪ್ಪಲಿಲ್ಲ, ಅವರು ಮಾಡಿದ್ದೇ ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅದನ್ನು ಕೊಳ್ಳುವವರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಹೋಗುವವರು. ಪ್ಯಾನಿನ ಫೋಟೋ, ಸ್ಕ್ಯಾನರಿನ ಪ್ರಿಂಟು ಎರಡನ್ನೂ ಬಂದವರಿಗೆಲ್ಲ ತೋರಿಸಿದರು. ಮೂವರು ನೋಡಿ ವಾಪಸ್ ಹೋದರು. ನಾಲ್ಕನೆಯವರು ಗದಗದ ಒಬ್ಬ ಗ್ಯಾರೇಜ್ ಮಾಲೀಕರು. ಹಿಂದಿನಿಂದ ಲಾರಿ ಗುದ್ದಿ ಡಿಕ್ಕಿ ಪುಡಿಯಾದ ಅದೇ ಮಾಡೆಲ್ಲಿನ ಕಾರು ಅವರ ಶೆಡ್ಡಿನಲ್ಲಿತ್ತು, ಅದರ ಇಂಜಿನ್ನೂ ಗೇರ್‌ಬಾಕ್ಸೂ ಚೆನ್ನಾಗಿದ್ದವು. ಫೋಟೋವನ್ನು ಎರಡು ಸಲ ದೊಡ್ಡದು ಮಾಡಿ ನೋಡಿದರು, ಬೇರೆ ಏನೂ ಹೋಗಿಲ್ಲ ಅಲ್ವಾ ಅಂತ ಕೇಳಿದರು, ಬ್ರೋಕರ್ ಹೇಳಿದ್ದಕ್ಕಿಂತ ನಲವತ್ತು ಸಾವಿರ ಜಾಸ್ತಿ ಕೊಟ್ಟು ಅವತ್ತೇ ಗಾಡಿಯನ್ನು ಲಾರಿಗೆ ಹತ್ತಿಸಿಕೊಂಡು ಹೋದರು.