ಕಾಣದ ಸಂತಮಸ ಇದೆಯೆಂದು ಹೇಗೆ ಗೊತ್ತಾಯಿತು?

ಪ್ರಶ್ನೆ: ಬಿಭಾ ಎಂಬ ನಕ್ಷತ್ರಕ್ಕೆ ಸಂತಮಸ ಎಂಬ ಗ್ರಹವಿದೆ, ಎರಡಕ್ಕೂ ಭಾರತದವರೇ ಹೆಸರಿಟ್ಟರು ಎಂದು ಓದಿದೆ. ಆದರೆ ಆ ಗ್ರಹವನ್ನು ಯಾವ ದೂರದರ್ಶಕದಲ್ಲೂ ಯಾರೂ ನೋಡಿಲ್ಲವಂತೆ. ನೋಡದೇ ಇರುವುದನ್ನು ಇದೆ ಎಂದು ಹೇಳುವುದು ಹೇಗೆ? ಎಲ್ಲಾ ಬರೀ ಊಹೆಯೇ?

ಉತ್ತರ: ಯಾರೂ ನೋಡಿಲ್ಲ ಎಂಬುದು ನಿಜ. ಇಂಥ ಗ್ರಹಗಳ ಸುದ್ದಿಯ ಜೊತೆ ಅಚ್ಚಾಗುವ ಬಣ್ಣದ ಚಿತ್ರಗಳು ಕಲಾವಿದರು ಬಿಡಿಸಿದವು. ಊಹೆಯೇ ಎಂದರೆ ಮಾತ್ರ ಒಪ್ಪಲಾರೆ. ಗ್ರಹ ಕಂಡಿಲ್ಲ, ಅದು ತನ್ನ ನಕ್ಷತ್ರವನ್ನು ಜಗ್ಗುತ್ತಿರುವುದು ಕಂಡಿದೆ. ಅಳೆದಿದ್ದಾರೆ, ಮತ್ತೆ ಮತ್ತೆ ಅಳೆದಿದ್ದಾರೆ.

ಮೊದಲು, ಕಾಣುವುದಿಲ್ಲ ಏಕೆ ಎಂಬುದು. ಬಿಭಾ ನಮ್ಮಿಂದ ಸುಮಾರು 340 ಬೆಳಕಿನ ವರ್ಷ ದೂರದಲ್ಲಿದೆ. ಖಗೋಳ ಪಟ್ಟಿಯಲ್ಲಿ ಅದರ ಗುರುತು ಎಚ್‌ಡಿ 86081. ಸೂರ್ಯನ ಜಾತಿಯದೇ, ತೂಕದಲ್ಲಿ ಸೂರ್ಯನ 1.2 ಪಟ್ಟು, ತುಸು ಹೆಚ್ಚು ಬಿಸಿ. ಸಂತಮಸ ಅದರಿಂದ ಬರೀ 50 ಲಕ್ಷ ಕಿಲೋಮೀಟರ್ ಆಚೆ ಸುತ್ತುತ್ತಿದೆ. ಸೂರ್ಯನಿಂದ ಬುಧ ಇರುವ ದೂರದ ಹತ್ತನೇ ಒಂದು ಪಾಲೂ ಇಲ್ಲ. ಚಂದ್ರನ ಮೇಲೆ ಎರಡಡಿ ಅಂತರದಲ್ಲಿ ಎರಡು ದೀಪ ಇಟ್ಟು ಇಲ್ಲಿಂದ ನೋಡಿದ ಹಾಗೆ. ಒಂದು ದೀಪ ಕಣ್ಣು ಕುಕ್ಕುವಂಥದ್ದು, ಇನ್ನೊಂದು ಅದರ ಪ್ರಭೆಯಲ್ಲೇ ಮುಳುಗಿಹೋದದ್ದು.

ಹಾಗಾಗಿ ಖಗೋಳಜ್ಞರು ಗ್ರಹವನ್ನು ಬಿಟ್ಟು ನಕ್ಷತ್ರವನ್ನೇ ದಿಟ್ಟಿಸುತ್ತಾರೆ. ಮಗುವಿನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸುವಾಗ ನಾವು ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಹಿಂದಕ್ಕೆ ವಾಲಿ, ನಾವೂ ಒಂದು ಪುಟ್ಟ ಸುತ್ತು ಹಾಕುತ್ತಲೇ ಇರುತ್ತೇವೆ. ಕತ್ತಲಲ್ಲಿ ಮಗು ಕಾಣದಿದ್ದರೂ ನಮ್ಮ ವಾಲಾಟ ನೋಡಿದವರಿಗೆ ಕೈಯಲ್ಲಿ ಏನೋ ಭಾರವಿದೆ ಎಂದು ತಿಳಿಯುತ್ತದೆ. ಸಂತಮಸದ ಭಾರಕ್ಕೆ ಬಿಭಾ ಹಾಕುವ ಪುಟ್ಟ ಸುತ್ತಿನ ತ್ರಿಜ್ಯ ಸುಮಾರು 6,100 ಕಿಲೋಮೀಟರ್ ಎಂದು ಲೆಕ್ಕ ಸಿಗುತ್ತದೆ. ಹೆಚ್ಚುಕಡಿಮೆ ಭೂಮಿಯ ತ್ರಿಜ್ಯದಷ್ಟೇ! ಹದಿನೈದು ಲಕ್ಷ ಕಿಲೋಮೀಟರಿಗೂ ಅಗಲವಾದ ಬೆಂಕಿಯುಂಡೆಗೆ ಇದು ಅಲುಗಾಟವೂ ಅಲ್ಲ ಅನ್ನಿಸುತ್ತದೆ. ಜಾಗ ಬದಲಿಸಿದ್ದನ್ನು ನೋಡುತ್ತೇವೆಂದು ಹೊರಟರೆ ಸಿಗುವಂಥದ್ದೂ ಅಲ್ಲ. ಸಿಗುವುದು ವೇಗ.

ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಹರಡಿದರೆ ಆ ಪಟ್ಟಿಯ ತುಂಬ ಸಾವಿರಾರು ಸಣ್ಣ ಕಪ್ಪು ಗೆರೆಗಳು. ಕಬ್ಬಿಣ, ಸೋಡಿಯಂ, ಕ್ಯಾಲ್ಸಿಯಂ ಹೀಗೆ ಅಲ್ಲಿರುವ ಧಾತುಗಳು ತಂತಮ್ಮ ಬಣ್ಣ ಹೀರಿಕೊಂಡ ಗುರುತು. ನಕ್ಷತ್ರ ನಮ್ಮ ಕಡೆ ಬರುವಾಗ ಗೆರೆಗಳೆಲ್ಲ ಒಟ್ಟಿಗೆ ನೀಲಿಯತ್ತ ಸರಿಯುತ್ತವೆ, ದೂರ ಹೋಗುವಾಗ ಕೆಂಪಿನತ್ತ. ಬಿಭಾದ ವಿಷಯದಲ್ಲಿ ಈ ಸರಿತ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟನ್ನು ಅಳೆಯಲು ಅಳತೆಪಟ್ಟಿ ಎಲ್ಲಿಂದ ತರುವುದು?

ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಗಾಯಕ್ಕೆ ಹಚ್ಚುವ ಔಷಧದಲ್ಲಿರುತ್ತದಲ್ಲ, ಅದೇ ಅಯೋಡಿನ್. ಅದನ್ನು ಗಾಜಿನ ಕೊಳವೆಯೊಂದರಲ್ಲಿ ಮುಚ್ಚಿ ಬೆಚ್ಚಗಿಟ್ಟರೆ ಒಳಗೆಲ್ಲ ನೇರಳೆ ಬಣ್ಣದ ಆವಿ ತುಂಬಿಕೊಳ್ಳುತ್ತದೆ. ದೂರದರ್ಶಕ ಹಿಡಿದ ಬೆಳಕನ್ನು ಈ ಆವಿಯ ಮೂಲಕ ಹಾಯಿಸುತ್ತಾರೆ. ಆವಿ ತನ್ನವೇ ಸಾವಿರಾರು ಗೆರೆಗಳನ್ನು ಅದೇ ಪಟ್ಟಿಯ ಮೇಲೆ ಎಳೆದುಬಿಡುತ್ತದೆ. ಕೊಳವೆ ಇರುವುದು ಇಲ್ಲೇ, ಆದ್ದರಿಂದ ಅದರ ಗೆರೆಗಳು ಅಲ್ಲಾಡುವುದಿಲ್ಲ. ಅವುಗಳ ಪಕ್ಕದಲ್ಲಿ ನಕ್ಷತ್ರದ ಗೆರೆಗಳು ಎಷ್ಟು ಸರಿದವು ಎಂದು ನೋಡಿದರಾಯಿತು. ಉಪಕರಣ ಕೊಂಚ ಕದಲಿದರೂ ಎರಡು ಬಗೆಯ ಗೆರೆಗಳೂ ಒಟ್ಟಿಗೇ ಕದಲುವುದರಿಂದ ಮೋಸವಾಗುವುದಿಲ್ಲ. ಇನ್ನೊಂದು ತೊಡಕು ನಾವೇ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಹುಡುಕುತ್ತಿರುವುದಕ್ಕಿಂತ ನೂರು ಪಟ್ಟಿಗೂ ಮಿಗಿಲಾದ ಈ ವೇಗವನ್ನು ಪ್ರತಿ ಸಲ ಕರಾರುವಾಕ್ಕಾಗಿ ಕಳೆಯಬೇಕು.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ಒಂದು ಅಲೆ. ಬಿಭಾ ಸೆಕೆಂಡಿಗೆ ಸುಮಾರು 208 ಮೀಟರ್ ವೇಗದಲ್ಲಿ ಒಮ್ಮೆ ಈಚೆಗೆ, ಒಮ್ಮೆ ಆಚೆಗೆ. ಎರಡು ದಿನ ಮೂರು ಗಂಟೆ ಚಿಲ್ಲರೆಗೆ ಒಂದು ಆವರ್ತನೆ, ತಪ್ಪದೆ. ನಮ್ಮ ಗುರು ಗ್ರಹ ಸೂರ್ಯನನ್ನು ಜಗ್ಗುವುದು ಸೆಕೆಂಡಿಗೆ 12.5 ಮೀಟರಷ್ಟೇ, ಅದೂ 12 ವರ್ಷಕ್ಕೊಂದು ಸುತ್ತು. ಬಿಭಾದ ಅಲೆ ಅಷ್ಟು ಢಾಳಾಗಿರುವುದರಿಂದಲೇ 2006ರಲ್ಲಿ ಗ್ರಹದ ಸುದ್ದಿ ಹೊರಬಂತು. ಹವಾಯಿಯ ಮೌನಾ ಕೇಯ ಶಿಖರದ ಮೇಲಿರುವ ಕೆಕ್ ದೂರದರ್ಶಕದ ಕೆಲಸ ಅದು.

ಗ್ರಹವೇ ಏಕಾಗಬೇಕು, ನಕ್ಷತ್ರವೇ ಉಸಿರಾಡಿದಂತೆ ಉಬ್ಬಿ ಕುಗ್ಗುತ್ತಿರಬಹುದಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕು. 1995ರಲ್ಲಿ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೊ 51 ಪೆಗಾಸಿ ನಕ್ಷತ್ರದ ಸುತ್ತ ಇಂಥದೇ ಗ್ರಹ ಇದೆ ಎಂದಾಗ ತಜ್ಞರೇ ಈ ಅನುಮಾನ ಎತ್ತಿದ್ದರು. ಅದನ್ನು ಅಡಗಿಸಿದ್ದು ಇನ್ನೊಂದು ನಕ್ಷತ್ರ, ಎಚ್‌ಡಿ 209458. ಅದರಲ್ಲೂ ಗೆರೆಗಳ ಸರಿತ ಮಾತ್ರ ಗೊತ್ತಿತ್ತು. ಗ್ರಹ ನಿಜವಾಗಿದ್ದು, ಅದರ ಹಾದಿ ನಮ್ಮ ದೃಷ್ಟಿಗೆ ನೇರವಾಗಿದ್ದರೆ ಇಂಥ ಹೊತ್ತಿಗೆ ಅದು ನಕ್ಷತ್ರದ ಮುಂದೆ ಹಾದುಹೋಗಬೇಕೆಂದು ಲೆಕ್ಕ ಹಾಕಿಟ್ಟರು. 1999ರಲ್ಲಿ, ಲೆಕ್ಕ ಹೇಳಿದ ಹೊತ್ತಿಗೇ, ನಕ್ಷತ್ರದ ಬೆಳಕು ಶೇಕಡ ಒಂದೂವರೆಯಷ್ಟು ಕುಂದಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದ ಮೇಲೆ ವಿಧಾನದ ಬಗೆಗಿನ ತಕರಾರು ನಿಂತಿತು.

ಸಂತಮಸ ಮಾತ್ರ ಹಾಗೆ ಅಡ್ಡ ಬಂದದ್ದು ಕಂಡಿಲ್ಲ. ಅದರಿಂದ ನಷ್ಟವಿದೆ: ಗ್ರಹದ ಗಾತ್ರ ತಿಳಿಯದು, ತೂಕವೂ ‘ಕನಿಷ್ಠ ಇಷ್ಟು’ ಎಂದೇ ಹೇಳಬೇಕು. ಹಾದಿ ವಾಲಿಕೊಂಡಿದ್ದರೆ ನಕ್ಷತ್ರದ ವೇಗದಲ್ಲಿ ಒಂದು ಪಾಲಷ್ಟೇ ನಮಗೆ ಸಿಕ್ಕಿರುತ್ತದೆ. ಗುರುವಿನ ಒಂದೂವರೆ ಪಟ್ಟು ತೂಕ ಎಂದು ಎಲ್ಲಾದರೂ ಓದಿದರೆ ‘ಕಡಿಮೆಯೆಂದರೆ’ ಎಂದು ಮುಂದೆ ಸೇರಿಸಿಕೊಳ್ಳಿ.

ಹೆಸರಿನ ವಿಷಯವನ್ನೂ ಹೇಳಲೇಬೇಕು, ಏಕೆಂದರೆ ಅದು ನಿಮ್ಮ ಪ್ರಶ್ನೆಗೇ ಬಂದು ಸೇರುತ್ತದೆ. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ತನ್ನ ನೂರನೇ ವರ್ಷಕ್ಕೆ ಒಂದೊಂದು ದೇಶಕ್ಕೆ ಒಂದೊಂದು ನಕ್ಷತ್ರ ಕೊಟ್ಟು ಹೆಸರಿಡಿ ಎಂದಿತು. ಮೋಡ ಕವಿದಿರಬಹುದಾದ ಗ್ರಹಕ್ಕೆ ಸಂಸ್ಕೃತದ ಸಂತಮಸ ಬಂತು. ನಕ್ಷತ್ರಕ್ಕೆ ಬಂದದ್ದು ಭೌತವಿಜ್ಞಾನಿ ಬಿಭಾ ಚೌಧುರಿ ಅವರ ಹೆಸರು. 1940ರ ಆಸುಪಾಸಿನಲ್ಲಿ ಅವರು ಡಿ. ಎಂ. ಬೋಸ್ ಅವರೊಂದಿಗೆ ಡಾರ್ಜಿಲಿಂಗ್, ಸಂದಕ್‌ಫುಗಳಂಥ ಎತ್ತರದ ಜಾಗಗಳಲ್ಲಿ ಫೋಟೊ ಫಲಕಗಳನ್ನು ತಿಂಗಳುಗಟ್ಟಲೆ ಇಟ್ಟು, ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಅವುಗಳಲ್ಲಿ ಕೊರೆದ ಸೂಕ್ಷ್ಮ ಗೀರುಗಳನ್ನು ಸೂಕ್ಷ್ಮದರ್ಶಕದಲ್ಲಿ ಓದಿದರು. ಗೀರು ಹೇಗೆ ಬಾಗಿದೆ, ಚುಕ್ಕೆಗಳು ಎಷ್ಟು ಒತ್ತಾಗಿವೆ ಎಂಬುದರಿಂದಲೇ ಎಲೆಕ್ಟ್ರಾನಿನ ಸುಮಾರು 200 ಪಟ್ಟು ತೂಗುವ, ಆಗ ಮೆಸಾನ್ ಎಂದು ಕರೆಯುತ್ತಿದ್ದ ಸೂಕ್ಷ್ಮ ಕಣಗಳ ಸುಳಿವು ಹಿಡಿದರು. ಯುದ್ಧದ ಕಾಲ, ಬೇಕಾದಷ್ಟು ಉತ್ತಮ ಫಲಕಗಳು ಸಿಗಲಿಲ್ಲ. ಕೆಲಸ ಅಲ್ಲಿಗೇ ನಿಂತಿತು. ಇಂಥದೇ ಫಲಕಗಳ ವಿಧಾನವನ್ನು ಬೆಳೆಸಿ ಮೆಸಾನ್‌ಗಳ ಬಗ್ಗೆ ಮಾಡಿದ ಶೋಧಗಳಿಗೆ 1950ರ ನೊಬೆಲ್ ಸೆಸಿಲ್ ಪೊವೆಲ್ ಅವರಿಗೆ ಹೋಯಿತು. ಮುಂದೆ ಕೋಲಾರದ ಚಿನ್ನದ ಗಣಿಯಾಳದಲ್ಲಿ ನಡೆದ ಪ್ರಯೋಗಗಳಲ್ಲೂ ಬಿಭಾ ತೊಡಗಿಸಿಕೊಂಡಿದ್ದರು. ಅವರೂ ಕಣವನ್ನು ಕಂಡವರಲ್ಲ, ಅದರ ಗೀರನ್ನು ಕಂಡವರು.

ನಕ್ಷತ್ರವನ್ನಾದರೂ ನೋಡಬೇಕೆಂದಿದ್ದರೆ ಮಾರ್ಚ್, ಏಪ್ರಿಲ್ ತಿಂಗಳ ರಾತ್ರಿ ಒಳ್ಳೆಯದು. ಸಿಂಹ ರಾಶಿಯ ಮಖಾ ನಕ್ಷತ್ರವನ್ನು ಗುರುತಿಸಿ, ತೋಳನ್ನು ನೀಳವಾಗಿ ಚಾಚಿ, ಅಲ್ಲಿಂದ ದಕ್ಷಿಣಕ್ಕೆ ಒಂದು ಗೇಣಿಗಿಂತ ತುಸು ಕಡಿಮೆ ಅಳೆಯಿರಿ. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ. ಬಿಭಾದ ಕಾಂತಿಮಾನ 8.7, ಕಣ್ಣು ಹಿಡಿಯಬಲ್ಲ ಅತಿ ಮಸುಕು ಚುಕ್ಕೆಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ಚಿಕ್ಕ ದೂರದರ್ಶಕವೊಂದಿದ್ದರೆ, ಜೊತೆಗೆ ಒಂದು ಒಳ್ಳೆಯ ನಕ್ಷೆ ಇದ್ದರೆ, ಸಿಗುತ್ತದೆ.