ಡಬ್ಬಿ ಒಡೆಯುವ ಮೊದಲೇ ಆಗಿಹೋದ ಖರ್ಚು

ಸಿರವಾರ ಕಡೆಯ ರೈತರೊಬ್ಬರು ಹೋದ ವಾರ ರಾಯಚೂರಿನ ನನ್ನ ರಿಪೇರಿ ಅಂಗಡಿಗೆ ಬಂದಿದ್ದರು. ಫೋನ್ ಚಾರ್ಜ್ ಆಗುತ್ತಿರಲಿಲ್ಲ. ಸರ್ವಿಸ್ ಸೆಂಟರ್ ಒಂದರಲ್ಲಿ ಬೋರ್ಡೇ ಬದಲಿಸಬೇಕು ಅಂದಿದ್ದರಂತೆ, ಹೊಸ ಫೋನಿನ ಮುಕ್ಕಾಲು ಬೆಲೆ ಹೇಳಿದ್ದರಂತೆ.

"ನಾಕ್ ವರ್ಷ ಆಯ್ತು. ಹೊಸಾದೇ ತಗೊಂಡ್ಬಿಡ್ಲೇನ್ರಿ?"

"ತಡೀರಿ ಯಜಮಾನ್ರ, ಮೊದಲು ಬಿಚ್ಚಿ ನೋಡ್ತೀನಿ."

ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದರೆ ಕೆಟ್ಟಿದ್ದು ಚಾರ್ಜಿಂಗ್ ಐಸಿ, ಅಂದರೆ ಚಾರ್ಜ್ ನಿಭಾಯಿಸುವ ಸಣ್ಣ ಚಿಪ್, ಒಂದೇ. ಬಿಳಿಜೋಳದ ಕಾಳಿನಷ್ಟು ದೊಡ್ಡದು. ಪಕ್ಕದಲ್ಲಿ ಬ್ಯಾಟರಿ ಕನೆಕ್ಟರಿನ ಹಲ್ಲುಗಳು ಹಳದಿಯಾಗಿ ಮಿಂಚುತ್ತಿದ್ದವು. ಅವರನ್ನು ಕರೆದು ತೋರಿಸಿದೆ. "ಇದು ಬಂಗಾರದ ಲೇಪ ನೋಡ್ರಿ." ಅವರು ನಂಬಲಿಲ್ಲ. "ನಮ್ಮ ಹಟ್ಟಿ ಬಂಗಾರೇನ್ರಿ?" ಅಂದರು.

ಯಾವ ಗಣಿಯದೋ ಹೇಳಲಾಗದು. ಆದರೆ ಹಟ್ಟಿಯ ಮಾತು ಬಂದದ್ದು ಸರಿಯಾಗಿಯೇ ಬಂತು. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಅಪ್ಪ ಗಣಿಯ ಮಿಲ್ಲಿನಲ್ಲಿದ್ದರು. ಕೆಳಗಿನಿಂದ ಬಂದ ಅದಿರನ್ನು ಒಡೆದು, ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆಯುವ ಕೆಲಸ ಅಲ್ಲಿಯದು. ಒಂದು ಟನ್ ಕಲ್ಲಿಗೆ ಸಿಗುವುದು ಎರಡು-ಮೂರು ಗ್ರಾಂ. ಒಂದು ಫೋನಿನಲ್ಲಿರುವ ಚಿನ್ನ ಸುಮಾರು 0.034 ಗ್ರಾಂ. ಅಂದರೆ ಕಣ್ಣಿಗೂ ಸರಿಯಾಗಿ ಕಾಣದ ಈ ಲೇಪಕ್ಕೆ ಹತ್ತು-ಹದಿನೈದು ಕಿಲೋ ಕಲ್ಲು ಅರೆಯಬೇಕು. ಚಿನ್ನ ಊರು ಬಿಟ್ಟು ಹೋಗುತ್ತದೆ. ಅರೆದ ಕಲ್ಲು, ಯಾವ ದೇಶದ ಗಣಿಯಾದರೂ ಅಷ್ಟೇ, ಊರ ಮಗ್ಗುಲಲ್ಲಿ ಗುಡ್ಡವಾಗಿ ಉಳಿಯುತ್ತದೆ.

ಇದು ಚಿನ್ನದ ಕಥೆ ಮಾತ್ರ. ತಾಮ್ರ, ತವರ, ಬ್ಯಾಟರಿಯ ಕೋಬಾಲ್ಟ್, ಎಲ್ಲಕ್ಕೂ ಇಂಥದೇ ಗುಡ್ಡಗಳಿವೆ. ಆದರೆ ಫೋನಿನಲ್ಲಿ ಎಲ್ಲಕ್ಕಿಂತ ದುಬಾರಿ ಹುಟ್ಟು ಚಿಪ್ಪಿನದು. 2002ರಲ್ಲಿ ಎರಿಕ್ ವಿಲಿಯಮ್ಸ್ ಎಂಬ ಸಂಶೋಧಕ ಮತ್ತು ಸಂಗಡಿಗರು 2 ಗ್ರಾಂ ತೂಕದ ಒಂದು ಮೆಮೊರಿ ಚಿಪ್ಪಿನ ಜಮಾಖರ್ಚು ತೆಗೆದಿದ್ದರು. ತಯಾರಿಕೆ, ಬಳಕೆ ಎರಡೂ ಸೇರಿ 1,600 ಗ್ರಾಂ ಇಂಧನ, 72 ಗ್ರಾಂ ರಾಸಾಯನಿಕ. ತಯಾರಿಕೆಯೊಂದಕ್ಕೇ 32 ಲೀಟರ್ ನೀರು. ಎರಡು ಗ್ರಾಂ ವಸ್ತುವಿಗೆ! ಕಾರಣ ಶುದ್ಧತೆ. ಚಿಪ್ಪಿನೊಳಗಿನ ಗೆರೆಗಳ ಮೇಲೆ ಒಂದು ಧೂಳಿನ ಕಣ ಕೂತರೂ ಅದು ಕೆಟ್ಟಂತೆ. ಹಾಗಾಗಿ ಪದರದ ಮೇಲೆ ಪದರ ಕೂರಿಸುವಾಗ ಮತ್ತೆ ಮತ್ತೆ ತೊಳೆಯುತ್ತಾರೆ. ಕುಡಿಯುವ ನೀರು ಅದಕ್ಕೆ ನಡೆಯದು, ಉಪ್ಪಿನಂಶವನ್ನೆಲ್ಲ ತೆಗೆದ ನೀರೇ ಆಗಬೇಕು. ಕೋಣೆಯ ಗಾಳಿಯನ್ನು ಹಗಲು ರಾತ್ರಿ ಸೋಸುತ್ತಲೇ ಇರಬೇಕು. ಚಿಪ್ ಮತ್ತು ಡಿಸ್‌ಪ್ಲೇ ತಯಾರಿಸುವ ಯಂತ್ರಗಳ ಒಳಗನ್ನು ಶುಚಿ ಮಾಡಲು ನೈಟ್ರೋಜನ್ ಟ್ರೈಫ್ಲೋರೈಡ್ ಎಂಬ ಅನಿಲ ಬಳಸುತ್ತಾರೆ. ಅದು ಸೋರಿದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 16-17 ಸಾವಿರ ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ.

ನೀರಿನ ಮಾತು ನಮ್ಮ ಜನಕ್ಕೆ ಬೇಗ ಅರ್ಥವಾಗುತ್ತದೆ. 2021ರಲ್ಲಿ ತೈವಾನಿನಲ್ಲಿ ಐವತ್ತು ವರ್ಷಗಳಲ್ಲೇ ಕಂಡಿರದ ಬರ ಬಿತ್ತು. ಜಗತ್ತಿನ ಮುಖ್ಯ ಚಿಪ್ ಕಾರ್ಖಾನೆಗಳಿರುವ ದ್ವೀಪ ಅದು. ಕಾರ್ಖಾನೆಗಳಿಗೆ ಟ್ಯಾಂಕರಿನಲ್ಲಿ ನೀರು ಹೋಯಿತು, 70 ಸಾವಿರ ಹೆಕ್ಟೇರಿಗೂ ಹೆಚ್ಚು ಜಮೀನಿಗೆ ನೀರು ನಿಂತಿತು. ಸರ್ಕಾರ ಪರಿಹಾರ ಕೊಟ್ಟಿತು, ನಿಜ. ಆದರೂ ಭತ್ತ ನಾಟಿ ಮಾಡಬೇಕಾದ ಹೊತ್ತಿನಲ್ಲಿ ಒಣಗಿದ ಕಾಲುವೆ ನೋಡುತ್ತ ನಿಲ್ಲುವುದು ಎಂಥದೆಂದು ತುಂಗಭದ್ರಾ ಎಡದಂಡೆಯ ಕೊನೆ ಭಾಗದ ರೈತರಿಗೆ ಯಾರೂ ವಿವರಿಸಬೇಕಿಲ್ಲ. ಯಜಮಾನರಿಗೂ ಇದನ್ನೇ ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ ಅವರು.

"ಚಾರ್ಜರ್ ಸುಮ್ಮನೆ ಹಾಕಿ ಬಿಟ್ರ ಎಷ್ಟ್ ಕರೆಂಟ್ ಹಾಳ್ರಿ?" ಎಂದು ಎಷ್ಟೋ ಜನ ಕೇಳುತ್ತಾರೆ. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನೋಡುತ್ತ ಬದುಕುವವರಿಗೆ ಆ ಚಿಂತೆ ಸಹಜ. ಆದರೆ ಲೆಕ್ಕ ನೋಡಿ. 5,000 ಎಂಎಎಚ್ ಬ್ಯಾಟರಿಯನ್ನು ದಿನಾ ಪೂರ್ತಿ ಚಾರ್ಜ್ ಮಾಡಿದರೂ, ಚಾರ್ಜರಿನ ನಷ್ಟ ಸೇರಿ, ವರ್ಷಕ್ಕೆ ಎಂಟು-ಒಂಬತ್ತು ಯೂನಿಟ್. ನಮ್ಮ ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಅಂತ ಹಿಡಿದರೆ ವರ್ಷಕ್ಕೆ ಆರು ಕಿಲೋ. ಐಫೋನ್ 13ಕ್ಕೆ ಕಂಪನಿಯೇ ಕೊಟ್ಟ ಲೆಕ್ಕದಲ್ಲಿ ಇಡೀ ಆಯಸ್ಸಿಗೆ 64 ಕಿಲೋ, ಅದರಲ್ಲಿ ಸುಮಾರು ಶೇ. 80 ಭಾಗ ತಯಾರಿಕೆಯದೇ. ಅಂದರೆ ಎಂಟು ವರ್ಷ ಚಾರ್ಜ್ ಮಾಡಿದಷ್ಟು ಹೊಗೆ, ನೀವು ಡಬ್ಬಿ ಒಡೆಯುವ ಮೊದಲೇ ಎಲ್ಲೋ ಒಂದು ಕಡೆ ಎದ್ದು ಹೋಗಿರುತ್ತದೆ. ಎರಡು ವರ್ಷಕ್ಕೊಮ್ಮೆ ಫೋನ್ ಬದಲಿಸುವವರು ಚಾರ್ಜರ್ ಆಫ್ ಮಾಡಿ ಉಳಿಸುವುದು ಬಹಳ ಕಡಿಮೆ.

ಎಲ್ಲ ಯಂತ್ರಕ್ಕೂ ಈ ಮಾತು ಹೊಂದದು. ಏಸಿ, ಫ್ರಿಜ್ ಆದರೆ ಉಲ್ಟಾ. ಅವು ಬಳಕೆಯಲ್ಲೇ ಹೆಚ್ಚು ಕರೆಂಟ್ ತಿನ್ನುತ್ತವೆ. ನಮ್ಮ ಏಪ್ರಿಲ್ ಬಿಸಿಲಿಗೆ ದಿನವಿಡೀ ಓಡುವ ಹಳೆ ಏಸಿಯನ್ನು ಬದಲಿಸಿರೆಂದು ನಾನೇ ಹೇಳುತ್ತೇನೆ.

ನನ್ನದೂ ಒಂದು ತಪ್ಪಿದೆ. ಅಂಗಡಿ ಹಾಕಿದ ಮೊದಲ ವರ್ಷಗಳಲ್ಲಿ ಡೆಡ್ ಬೋರ್ಡುಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುತ್ತಿದ್ದೆ. ಒಂದು ದಿನ ಅವು ಹೋಗುವ ಜಾಗ ನೋಡಿದೆ. ತೇಜಾಬಿನ (ಆಸಿಡ್) ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೋರ್ಡ್ ಅದ್ದಿ ಚಿನ್ನ ತೆಗೆಯುತ್ತಿದ್ದರು, ಉಳಿದ ಹಸಿರು ನೀರನ್ನು ಹಿಂದಿನ ಚರಂಡಿಗೆ ಸುರಿಯುತ್ತಿದ್ದರು. ಕೈಗೆ ಗ್ಲೌಸ್ ಇರದ ಹುಡುಗನ ಬೆರಳುಗಳು ಇವತ್ತಿಗೂ ಕಣ್ಣ ಮುಂದೆ ಇವೆ. ಅವತ್ತಿನಿಂದ ಬೋರ್ಡುಗಳನ್ನು ಎತ್ತಿಡುತ್ತೇನೆ. ಒಳ್ಳೆ ಐಸಿಗಳನ್ನು ಬಿಚ್ಚಿ ಹೆಸರು ಬರೆದ ಡಬ್ಬಿಗಳಲ್ಲಿಡುತ್ತೇನೆ, ಉಳಿದದ್ದನ್ನು ನೋಂದಣಿ ಇರುವ ಮರುಬಳಕೆದಾರರಿಗೆ ಕಳಿಸುತ್ತೇನೆ. ಜಗತ್ತಿನಲ್ಲಿ 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು, ಅದರಲ್ಲಿ ಸರಿಯಾದ ದಾರಿ ಹಿಡಿದಿದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ.

ನನಗೆ ನಿಜವಾಗಿ ಸಿಟ್ಟು ಬರುವುದು ಅಂಟಿನ ಮೇಲೆ. ಬ್ಯಾಟರಿಯನ್ನು ಬಿಚ್ಚಲಾಗದಂತೆ ಅಂಟಿಸುತ್ತಾರೆ. ಎಬ್ಬಿಸುವಾಗ ಬಾಗಿದರೆ ಬೆಂಕಿಯ ಭಯ, ಡಿಸ್‌ಪ್ಲೇ ಒಡೆದರೆ ಗಿರಾಕಿಯ ದುಡ್ಡು ಹೋಯಿತು. ಯುರೋಪಿನಲ್ಲಿ 2025ರ ಜೂನ್ 20ರಿಂದ ಬಂದ ನಿಯಮದ ಪ್ರಕಾರ, ಒಂದು ಮಾಡೆಲ್ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು, ಐದು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕು. ಅಂಥದು ನಮಗೂ ಬೇಕು. ಈಗಂತೂ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮುಂಚೆ, ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ, ಬ್ಯಾಟರಿ ನಮ್ಮೂರಲ್ಲಿ ಸಿಗುತ್ತದೆಯೇ ಎಂದು ಕೇಳಿ.

ಯಜಮಾನರ ಫೋನಿಗೆ ಬೇಕಾದ ಐಸಿ ನನ್ನ ಡಬ್ಬಿಯಲ್ಲೇ ಇತ್ತು, ನೀರು ಬಿದ್ದು ಸತ್ತಿದ್ದ ಒಂದು ಬೋರ್ಡಿನಿಂದ ತೆಗೆದದ್ದು. ಫ್ಲಕ್ಸ್ ಹಚ್ಚಿ, ಹಾಟ್ ಏರ್ ಹಿಡಿದು ಕೂರಿಸಿದೆ. ಕೇಬಲ್ ಚುಚ್ಚಿದಾಗ ಶೇಕಡಾ 1 ತೋರಿಸಿತು.

"ಇನ್ನ ಎಷ್ಟ್ ದಿನ ಬರ್ತದ್ರಿ ಇದು?"

"ಬೋರ್ಡ್ ಗಟ್ಟಿ ಅದ. ಮುಂದಿನ ವರ್ಷ ಒಂದು ಬ್ಯಾಟರಿ ಹಾಕಿಸ್ರಿ, ಇನ್ನೂ ಮೂರು ವರ್ಷ ಚಿಂತಿಲ್ಲ."